ಯಾತ್ರಿಕನ ಸಂಚಾರ: ಕೊನೆಯ ಭಾಗ ಯಾವುದು, ಅದನ್ನು ಕೇಳುವುದು ಹೇಗೆ



ಭಾನುವಾರ ಸಂಜೆಯ ಓದಿನಲ್ಲಿ ‘ಯಾತ್ರಿಕನ ಸಂಚಾರ’ದ ಮೊದಲ ಭಾಗ ಮುಗಿದಿದೆ. ರೆಕಾರ್ಡ್ ಮಾಡಿದ ಫೈಲುಗಳನ್ನು ಕೆಲಮಂಗಲ, ಹೊಸೂರು, ರಾಯಕೋಟೆ, ದೆಂಕಣಿಕೋಟೆ, ತಳಿ ಕಡೆಯ ಸದಸ್ಯರಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೂ ಆಗಿದೆ. ಅಂದಿನಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ಇನ್ನೆಷ್ಟು ಭಾಗ ಇದೆ? ಕೊನೆಯದು ಯಾವಾಗ ಬರುತ್ತದೆ? ಒಬ್ಬ ಸದಸ್ಯರು ಇರುವುದೇ ಎರಡು ಭಾಗ ಎನ್ನುತ್ತಾರೆ. ಇನ್ನೊಬ್ಬರು ತಮ್ಮ ತಾತನ ಕಾಲದ ಇಂಗ್ಲಿಷ್ ಪುಸ್ತಕದ ಫೋಟೋ ಕಳಿಸಿ, ‘ನೋಡಿ ಸ್ವಾಮಿ, ಮೂರು ಭಾಗ ಅಂತ ಸ್ಪಷ್ಟವಾಗಿ ಅಚ್ಚಾಗಿದೆ’ ಎಂದಿದ್ದಾರೆ. ಇಬ್ಬರ ಮಾತಿಗೂ ಆಧಾರವಿದೆ. ಫೋನಿನಲ್ಲಿ ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇವೆ. ಮುಂದೆ ಯಾರು ಕೇಳಿದರೂ ಈ ಪುಟ ತೋರಿಸಬಹುದು.

ಪುಸ್ತಕ ಮತ್ತು ಬರೆದವರು

ಮೂಲ ಇಂಗ್ಲಿಷ್ ಪುಸ್ತಕದ ಹೆಸರು ‘ದಿ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’. ಬರೆದವರು ಜಾನ್ ಬನ್ಯನ್. ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಹತ್ತಿರ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ 1628ರಲ್ಲಿ ಹುಟ್ಟಿದವರು. ತಂದೆಯ ಕಸುಬೇ ಮಗನಿಗೂ ಬಂತು. ತೂತು ಬಿದ್ದ ಪಾತ್ರೆಪಡಗ ರಿಪೇರಿ ಮಾಡುವ ಕೆಲಸ, ನಮ್ಮ ಕಡೆ ಕಲಾಯಿಯವರು ಬೀದಿ ಬೀದಿ ತಿರುಗುತ್ತಿದ್ದ ಹಾಗೆ. ದೊಡ್ಡ ಓದೇನೂ ಇರಲಿಲ್ಲ. ಸರ್ಕಾರಿ ಚರ್ಚಿನ ಅನುಮತಿ ಇಲ್ಲದೆ ಜನರನ್ನು ಸೇರಿಸಿ ಉಪದೇಶ ಮಾಡಿದರೆಂದು 1660ರಲ್ಲಿ ಹಿಡಿದು ಜೈಲಿಗೆ ಹಾಕಿದರು. ಇನ್ನು ಮುಂದೆ ಉಪದೇಶ ಮಾಡುವುದಿಲ್ಲ ಎಂದು ಒಪ್ಪಿಕೊಂಡಿದ್ದರೆ ಬಿಡುಗಡೆಯಾಗುತ್ತಿತ್ತು. ಒಪ್ಪಲಿಲ್ಲ, ಹನ್ನೆರಡು ವರ್ಷ ಒಳಗೇ ಇದ್ದರು. ಆಮೇಲೆಯೂ ಒಮ್ಮೆ ಕೆಲವು ತಿಂಗಳು ಜೈಲಾಯಿತು. 1678ರಲ್ಲಿ ಲಂಡನ್ನಿನಲ್ಲಿ ಈ ಪುಸ್ತಕ ಅಚ್ಚಾಗಿ ಹೊರಬಂತು.

ಕಥೆ ಕನಸಿನ ರೂಪದಲ್ಲಿದೆ. ಬೆನ್ನ ಮೇಲೆ ಭಾರ ಹೊತ್ತ ಒಬ್ಬ ಮನುಷ್ಯ ‘ನಾಶಪುರ’ ಎಂಬ ಊರು ಬಿಟ್ಟು ಸ್ವರ್ಗದ ಪಟ್ಟಣಕ್ಕೆ ಹೊರಡುತ್ತಾನೆ. ದಾರಿಯಲ್ಲಿ ನಿರಾಶೆಯ ಕೆಸರು, ಕಷ್ಟದ ಗುಡ್ಡ, ಸರಪಳಿ ಹಾಕಿದ ಸಿಂಹಗಳು, ಮೈಯೆಲ್ಲ ಮೀನಿನ ಹುರುಪೆಯಿರುವ ರಾಕ್ಷಸ, ಲೋಕದ ಸಕಲ ವಸ್ತುವನ್ನೂ ಮಾರುವ ಒಂದು ಸಂತೆ, ಸಂಶಯದ ಕೋಟೆಯಲ್ಲಿ ಕುಳಿತ ಹತಾಶೆ ಎಂಬ ದೈತ್ಯ. ಕೊನೆಗೆ ಸೇತುವೆ ಇಲ್ಲದ ಒಂದು ಹೊಳೆ. (ಹೆಸರುಗಳನ್ನು ಇಲ್ಲಿ ಅರ್ಥ ಹಿಡಿದು ನಾವೇ ಬರೆದಿದ್ದೇವೆ. ಅಚ್ಚಾದ ಕನ್ನಡ ಪ್ರತಿಗಳಲ್ಲಿ ಬೇರೆ ಇರಬಹುದು.)

ಗುಣಗಳು ಮನುಷ್ಯರಾಗಿ ಬಂದು ಮಾತಾಡುವುದು ನಮಗೆ ಹೊಸದಲ್ಲ. ಸಂಸ್ಕೃತದ ‘ಪ್ರಬೋಧಚಂದ್ರೋದಯ’ ನಾಟಕದಲ್ಲಿ ವಿವೇಕ, ಮೋಹ ಇವೇ ಪಾತ್ರಗಳು. ಕನಕದಾಸರ ‘ರಾಮಧಾನ್ಯಚರಿತ್ರೆ’ಯಲ್ಲಿ ಭತ್ತವೂ ರಾಗಿಯೂ ಶ್ರೀರಾಮನ ಮುಂದೆ ನಿಂತು ಜಗಳವಾಡುತ್ತವೆ. ರಾಗಿ ಮುದ್ದೆ ತಿಂದು ಬೆಳೆದ ನಮ್ಮ ಸೀಮೆಯವರಿಗೆ ಆ ತೀರ್ಪು ಯಾರ ಪರ ಎಂದು ಹೇಳಬೇಕಾಗಿಲ್ಲ. ಅದೇ ಜಾತಿಯ ಕಥೆ ಇದು ಎಂದುಕೊಂಡರೆ ಸಾಕು.

ಕನ್ನಡಕ್ಕೆ ಬಂದದ್ದು

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅಲ್ಲಿ ಅವರ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. 1843ರಲ್ಲಿ ಅದೇ ಮಿಶನ್ನಿನ ಹೆರ್ಮನ್ ಮ್ಯೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಅದೇ ಕಾಲದಲ್ಲಿ, 1847ರಲ್ಲಿ, ಬನ್ಯನ್ನನ ಪುಸ್ತಕ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂತು.

ಈ ಇಸವಿಯನ್ನು ಸದಸ್ಯರು ಗಮನಿಸಬೇಕು. ಮೈಸೂರಿನಲ್ಲಿ ಕೆಂಪುನಾರಾಯಣ ‘ಮುದ್ರಾಮಂಜೂಷ’ವನ್ನು ಗದ್ಯದಲ್ಲಿ ಬರೆದು ಆಗಿನ್ನೂ ಇಪ್ಪತ್ತನಾಲ್ಕು ವರ್ಷ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿ ಬರಲು ಇನ್ನೂ ಐವತ್ತೆರಡು ವರ್ಷ ಬಾಕಿ. ಕನ್ನಡದಲ್ಲಿ ಉದ್ದದ ಕಥೆಯನ್ನು ಪದ್ಯವಿಲ್ಲದೆ, ಸಾಮಾನ್ಯರಿಗೆ ತಿಳಿಯುವ ಮಾತಿನಲ್ಲಿ, ಅಚ್ಚು ಹಾಕಿ ಹಂಚುವುದು ಅಭ್ಯಾಸವೇ ಆಗಿರದ ಕಾಲದಲ್ಲಿ ಬಂದ ಪುಸ್ತಕ ಇದು.

ಸಂಘದಲ್ಲಿ ಕೆಲವರು ನೇರವಾಗಿಯೇ ಕೇಳಿದರು: ಇದು ಮತಪ್ರಚಾರದ ಪುಸ್ತಕವಲ್ಲವೇ, ನಾವೇಕೆ ಓದಬೇಕು? ಹೌದು, ಮಿಶನ್ನಿನವರು ಅದೇ ಉದ್ದೇಶಕ್ಕೆ ಅಚ್ಚು ಹಾಕಿದರು. ಅದನ್ನು ಮುಚ್ಚಿಡುವ ಕಾರಣವಿಲ್ಲ. ಆದರೆ ನಮ್ಮ ಸದಸ್ಯರಲ್ಲಿ ಕ್ರೈಸ್ತ ಕುಟುಂಬಗಳಿವೆ, ಅವರ ಮನೆಮಾತೂ ಕನ್ನಡವೇ. ಕುಮಾರವ್ಯಾಸನನ್ನು ಓದಿದಾಗ ಅವರು ಬಂದು ಕುಳಿತಿದ್ದರು. ಈಗ ಅವರ ಮನೆಯ ಕಪಾಟಿನಲ್ಲಿದ್ದ ಪುಸ್ತಕವನ್ನು ನಾವು ಕುಳಿತು ಕೇಳಿದೆವು.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡಬೇಕು. ಬನ್ಯನ್ ಕಥೋಲಿಕರ ವಿರೋಧಿ. ಮೊದಲ ಭಾಗದಲ್ಲಿ ಸಾವಿನ ನೆರಳಿನ ಕಣಿವೆ ದಾಟಿದ ಮೇಲೆ ಪೋಪರನ್ನು ಗವಿಯಲ್ಲಿ ಕುಳಿತು ಉಗುರು ಕಚ್ಚುವ ಮುದಿ ದೈತ್ಯನಾಗಿ ಚಿತ್ರಿಸಿದ್ದಾರೆ. ನಮ್ಮ ಸುತ್ತಿನ ಕ್ರೈಸ್ತರಲ್ಲಿ ಕಥೋಲಿಕರೂ ಇದ್ದಾರೆ. ಆ ಜಾಗ ಬಂದಾಗ ಅದು ಮುನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಜಗಳ ಎಂದು ಮೊದಲು ವಿವರಿಸಿ ಆಮೇಲೆ ಓದಿದೆವು. ಬಿಟ್ಟು ಓದಬಹುದಿತ್ತು, ಬಿಟ್ಟರೆ ಪುಸ್ತಕ ತಿದ್ದಿದಂತಾಗುತ್ತದೆ ಎಂದು ಕಥೋಲಿಕ ಸದಸ್ಯರೇ ಹೇಳಿದರು.

ಭಾಗ ಎಷ್ಟು?

ಈಗ ಮುಖ್ಯ ಪ್ರಶ್ನೆ. ಮೊದಲ ಭಾಗ 1678ರಲ್ಲಿ ಬಂದು ಬಹಳ ಖರ್ಚಾಯಿತು. ಖರ್ಚಾಗುವ ಸರಕಿಗೆ ನಕಲು ಬರುವುದು ಎಲ್ಲ ಕಾಲದಲ್ಲೂ ಇದ್ದದ್ದೇ. 1682ರಲ್ಲಿ ಥಾಮಸ್ ಶರ್ಮನ್ ಎಂಬವರು ತಾವೇ ಒಂದು ‘ಎರಡನೆಯ ಭಾಗ’ ಬರೆದು ಹೊರತಂದರು. ಬನ್ಯನ್ ತಮ್ಮ ನಿಜವಾದ ಎರಡನೆಯ ಭಾಗ ಪ್ರಕಟಿಸಿದ್ದು 1684ರಲ್ಲಿ. ತಮ್ಮ ಹೆಸರನ್ನೂ ಪುಸ್ತಕದ ಹೆಸರನ್ನೂ ಬಳಸಿಕೊಳ್ಳುವವರ ವಿಷಯವನ್ನು ಅದರ ಮುನ್ನುಡಿಯ ಪದ್ಯದಲ್ಲೇ ಎತ್ತಿ ಆಡಿದ್ದಾರೆ.

ಆ ಭಾಗದ ಕೊನೆಯಲ್ಲಿ ಅವರು ಒಂದು ಬಾಗಿಲು ತೆರೆದಿಟ್ಟರು. ಯಾತ್ರಿಕನ ಹೆಂಡತಿ ಹೊಳೆ ದಾಟಿದಳು, ಆದರೆ ನಾಲ್ಕು ಗಂಡುಮಕ್ಕಳೂ ಅವರ ಹೆಂಡಿರು ಮಕ್ಕಳೂ ಇನ್ನೂ ಈ ದಡದಲ್ಲೇ ಇದ್ದಾರೆ. ಮತ್ತೆ ಆ ಕಡೆ ಹೋಗುವ ಸಂದರ್ಭ ಬಂದರೆ ಅವರ ಸುದ್ದಿ ಹೇಳುತ್ತೇನೆ ಎಂಬ ಅರ್ಥದ ಮಾತು ಹೇಳಿ ಓದುಗರಿಂದ ಬೀಳ್ಕೊಂಡರು. ಆ ಸಂದರ್ಭ ಬರಲಿಲ್ಲ. 1688ರ ಆಗಸ್ಟಿನಲ್ಲಿ ಕುದುರೆಯ ಮೇಲೆ ಲಂಡನ್ನಿಗೆ ಹೋಗುವಾಗ ಮಳೆಯಲ್ಲಿ ನೆನೆದು, ಜ್ವರ ಹಿಡಿದು ತೀರಿಕೊಂಡರು. ಐದು ವರ್ಷ ಕಳೆದು 1693ರಲ್ಲಿ ‘ಮೂರನೆಯ ಭಾಗ’ ಎಂದು ಒಂದು ಪುಸ್ತಕ ಅಂಗಡಿಗೆ ಬಂತು. ಅದು ಬನ್ಯನ್ನನದ್ದಲ್ಲ. ಅದರಲ್ಲಿ ಆ ನಾಲ್ಕು ಮಕ್ಕಳ ಕಥೆಯೂ ಇಲ್ಲ. ‘ಮೃದುಮನಸ್ಸಾಕ್ಷಿ’ ಎಂಬ ಬೇರೊಬ್ಬ ಯಾತ್ರಿಕನನ್ನು ಹೊರಡಿಸಿದ್ದಾರೆ. ಆದರೂ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಅಸಲಿ ಎರಡು ಭಾಗಗಳ ಜೊತೆ ಸೇರಿಸಿ ಅಚ್ಚು ಹಾಕುತ್ತಲೇ ಬಂದರು. ನಮ್ಮ ಸದಸ್ಯರ ತಾತನ ಪುಸ್ತಕದಲ್ಲಿ ಮೂರು ಭಾಗ ಇರುವುದು ಹೀಗೆ.

ನಾವು ನಲವತ್ತು ವರ್ಷ ಕಚೇರಿಯಲ್ಲಿ ಕಡತ ನೋಡಿದವರು. ಹಾಳೆ ಒಂದೇ ಕಟ್ಟಿನಲ್ಲಿದೆ ಎಂದ ಮಾತ್ರಕ್ಕೆ ಸಹಿ ಒಬ್ಬರದೇ ಎಂದು ಒಪ್ಪುವ ಅಭ್ಯಾಸವಿಲ್ಲ. ಆದ್ದರಿಂದ ನಮ್ಮ ಓದಿನ ಮಟ್ಟಿಗೆ ಕೊನೆಯ ಭಾಗ ಎಂದರೆ 1684ರ ಎರಡನೆಯ ಭಾಗವೇ. ಮೂರನೆಯದನ್ನು ಓದಿಸುವುದಿಲ್ಲ.

ಕೊನೆಯ ಭಾಗ ಏಕೆ ಬೇಕು

ಮೊದಲ ಭಾಗಕ್ಕೇ ನಿಲ್ಲಿಸೋಣ ಎಂಬ ಸಲಹೆಯೂ ಬಂದಿತ್ತು. ಮೊದಲನೆಯದರಲ್ಲಿ ರಾಕ್ಷಸನ ಯುದ್ಧವಿದೆ, ಸಂತೆಯಿದೆ, ಜೈಲಿದೆ, ಕಥೆ ಓಡುತ್ತದೆ. ಎರಡನೆಯದು ನಿಧಾನ, ನಡುನಡುವೆ ಪ್ರಶ್ನೋತ್ತರ, ಉಪದೇಶ ಜಾಸ್ತಿ. ಬೇಸರ ಬರುವ ಪುಟಗಳಿವೆ. ಆದರೂ ಬೇಕು ಎನ್ನುವುದಕ್ಕೆ ನಮಗೆ ಕಾರಣ ಸಿಕ್ಕಿದ್ದು ಓದಿನ ಮೊದಲ ವಾರವೇ.

ಮೊದಲ ಭಾಗದ ಆರಂಭದಲ್ಲಿ ಯಾತ್ರಿಕ ಮನೆಯಿಂದ ಓಡುತ್ತಾನೆ. ಹೆಂಡತಿ ಮಕ್ಕಳು ಹಿಂದೆ ಬಂದು ಕೂಗುತ್ತಾರೆ. ಅವನು ಎರಡು ಕಿವಿಗೂ ಬೆರಳು ಇಟ್ಟುಕೊಂಡು, ಜೀವ ಜೀವ ಎಂದು ಕೂಗುತ್ತ, ತಿರುಗಿ ನೋಡದೆ ಹೋಗುತ್ತಾನೆ. ಇದನ್ನು ಓದಿದಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹಿರಿಯಮ್ಮ ತಡೆದರು. ‘ಹೆಂಡ್ತಿ ಮಕ್ಳನ್ನ ನಡುಬೀದೀಲಿ ಬಿಟ್ಟು ಓಡೋನು ಯಾವ ಸೀಮೆ ಸಾಧು ಕಣಪ್ಪ? ಆ ಯಮ್ಮನ ಗತಿ ಏನಾಯ್ತು, ಅದ ಓದು’ ಎಂದರು. ಓದುತ್ತಿದ್ದವರ ಹತ್ತಿರ ಉತ್ತರವಿರಲಿಲ್ಲ. ಮೊದಲ ಭಾಗದಲ್ಲಿ ಉತ್ತರವಿಲ್ಲ.

ಉತ್ತರ ಇರುವುದು ಎರಡನೆಯದರಲ್ಲಿ. ಆ ಹೆಂಡತಿ ಕ್ರಿಸ್ಟಿಯಾನಾ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು, ಪಕ್ಕದ ಮನೆಯ ಮರ್ಸಿ ಎಂಬ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಅದೇ ದಾರಿಯಲ್ಲಿ ಹೊರಡುತ್ತಾಳೆ. ಗಂಡ ಹೆಚ್ಚುಕಡಿಮೆ ಒಂಟಿಯಾಗಿ ಹೋದ ದಾರಿಯಲ್ಲಿ ಇವರು ಗುಂಪಾಗಿ ಹೋಗುತ್ತಾರೆ. ದಾರಿ ಕಾಯಲು ‘ಮಹಾಧೈರ್ಯ’ ಎಂಬ ಆಳು ಸಿಗುತ್ತಾನೆ. ಹೋಗುತ್ತ ಹೋಗುತ್ತ ಊರುಗೋಲಿನ ಕುಂಟ, ಅಧೈರ್ಯದ ಮುದುಕ, ಅವನ ಮಗಳು ‘ಬಲುಭಯ’, ಎಲ್ಲಿಯೂ ಹೊಂದಿಕೊಳ್ಳಲಾರದ ‘ದುರ್ಬಲಮನ’ ಇಂಥವರೆಲ್ಲ ಸೇರಿಕೊಳ್ಳುತ್ತಾರೆ. ಮಕ್ಕಳಿಗೆ ದಾರಿಯಲ್ಲೇ ಮದುವೆಯಾಗುತ್ತದೆ. ಮೊದಲ ಭಾಗದಲ್ಲಿ ಗಂಡನನ್ನು ಕೂಡಿಹಾಕಿದ್ದ ಸಂಶಯದ ಕೋಟೆಯನ್ನು ಇವರು ಹೋಗಿ ಕೆಡವಿ, ಹತಾಶೆ ದೈತ್ಯನನ್ನು ಕೊಲ್ಲುತ್ತಾರೆ. ಗಂಡನಾದರೋ ಆ ಕೋಟೆಯಿಂದ ತಪ್ಪಿಸಿಕೊಂಡು ಬಂದದ್ದು ಬೀಗದ ಕೈ ತನ್ನ ಅಂಗಿಯೊಳಗೇ ಇತ್ತು ಎಂದು ತಡವಾಗಿ ನೆನಪಾದ ಮೇಲೆ. (ಇದನ್ನು ಕೇಳಿ ಮಕ್ಕಳು ನಕ್ಕ ನಗೆ ರೆಕಾರ್ಡಿಂಗಿನಲ್ಲೂ ಇದೆ. ತೆಗೆಯಲಿಲ್ಲ.)

ಕೊನೆಯ ಅಧ್ಯಾಯ ಹೊಳೆಯ ದಡ. ಒಬ್ಬೊಬ್ಬರಿಗೆ ಅಂಚೆ ಬರುತ್ತದೆ, ಕರೆ ಬಂದವರು ಉಳಿದವರಿಗೆ ಹೇಳಿ ಹೊರಡುತ್ತಾರೆ. ಕುಂಟ ತನ್ನ ಊರುಗೋಲನ್ನು ಈ ದಡದಲ್ಲೇ ಬಿಟ್ಟು ಇಳಿಯುತ್ತಾನೆ. ಜೀವನವೆಲ್ಲ ಹೆದರಿದ್ದ ಬಲುಭಯ ಹಾಡುತ್ತ ಹೊಳೆಗೆ ಇಳಿಯುತ್ತಾಳೆ. ಏನು ಹಾಡಿದಳು ಎಂಬುದು ದಡದಲ್ಲಿದ್ದ ಯಾರಿಗೂ ಅರ್ಥವಾಗುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಎರಡೂ ಭಾಗ ಸೇರಿ ಇದಕ್ಕಿಂತ ಒಳ್ಳೆಯ ಪುಟವಿಲ್ಲ. ಇದು ಕಣ್ಣಿನಲ್ಲಿ ಓದುವುದಕ್ಕಿಂತ ಕೇಳಲು ಬರೆದಂತಿದೆ.

ಶನಿಮಹಾತ್ಮೆ ಓದಿಸಿದ ಮನೆಯವರಿಗೆ ಗೊತ್ತು, ಒಬ್ಬರು ಓದುವುದು ಹತ್ತು ಜನ ಕೇಳುವುದು ನಮ್ಮ ಕಡೆಯ ಪದ್ಧತಿ. ಅರ್ಧಕ್ಕೆ ಎದ್ದು ಹೋದರೆ ಹಿರಿಯರು ಬಯ್ಯುತ್ತಿದ್ದರು. ಈಗಿನ ಆಡಿಯೋ ಪುಸ್ತಕಕ್ಕೂ ಅದೇ ನಿಯಮ ಹಾಕಬೇಕು ಎನಿಸುತ್ತದೆ.

ಸಿ. ಎಸ್. ಲೂಯಿಸ್ ವಿಷಯ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಸದಸ್ಯರ ಮಕ್ಕಳು, ಮೂರು ಭಾಗದ ಕ್ರೈಸ್ತ ಕಲ್ಪನಾಕಥೆ ಎಂದರೆ ಲೂಯಿಸ್ ಅವರದು, ಅದನ್ನೂ ಮಾಡಬಹುದಲ್ಲ ಎಂದು ಬರೆದಿದ್ದಾರೆ. ಸಂಕ್ಷೇಪವಾಗಿ ಹೇಳುತ್ತೇವೆ. ಲೂಯಿಸ್ 1933ರಲ್ಲಿ ಬನ್ಯನ್ನನ ಮಾದರಿ ಹಿಡಿದು ‘ದಿ ಪಿಲ್‌ಗ್ರಿಮ್ಸ್ ರಿಗ್ರೆಸ್’ ಬರೆದರು. ಆಮೇಲಿನದು ಅವರ ಮೂರು ಪುಸ್ತಕ: ‘ಔಟ್ ಆಫ್ ದಿ ಸೈಲೆಂಟ್ ಪ್ಲಾನೆಟ್’ 1938, ‘ಪೆರೆಲಾಂಡ್ರಾ’ 1943, ‘ದಟ್ ಹಿಡಿಯಸ್ ಸ್ಟ್ರೆಂತ್’ 1945. ಮೊದಲ ಎರಡು ಮಂಗಳ, ಶುಕ್ರ ಗ್ರಹಗಳಲ್ಲಿ ನಡೆಯುತ್ತವೆ. ಕೊನೆಯದು ಭೂಮಿಯಲ್ಲೇ, ಒಂದು ಸಣ್ಣ ವಿಶ್ವವಿದ್ಯಾಲಯದ ಊರಿನಲ್ಲಿ. ವಿಜ್ಞಾನದ ಹೆಸರಿನಲ್ಲಿ ಊರನ್ನೇ ನುಂಗುವ ಒಂದು ಸಂಸ್ಥೆ, ಅದರ ಮರ್ಜಿ ಹಿಡಿಯಲು ಹೋಗಿ ತನ್ನನ್ನೇ ಕಳೆದುಕೊಳ್ಳುವ ಯುವ ಅಧ್ಯಾಪಕ. ಮೂರರಲ್ಲಿ ಅದೇ ಉದ್ದ, ಅದೇ ಕಷ್ಟ.

ಹಕ್ಕಿನ ವಿಷಯಕ್ಕೆ ಬಂದರೆ, ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ ಅರವತ್ತು ವರ್ಷ ಹಕ್ಕು ಇರುತ್ತದೆ. ಲೂಯಿಸ್ ತೀರಿಕೊಂಡದ್ದು 1963ರಲ್ಲಿ. ಹಾಗಾಗಿ ಭಾರತದಲ್ಲಿ 2023ರ ಕೊನೆಗೆ ಮುಗಿದಿದೆ. ಬ್ರಿಟನ್ನಿನಲ್ಲಿ ಎಪ್ಪತ್ತು ವರ್ಷ, ಅಲ್ಲಿ ಇನ್ನೂ ಮುಗಿದಿಲ್ಲ. ಆದ್ದರಿಂದ ಇಲ್ಲಿ ಓದಬಹುದು, ಲೋಕಕ್ಕೆಲ್ಲ ಸಿಗುವ ಹಾಗೆ ಇಂಟರ್ನೆಟ್ಟಿನಲ್ಲಿ ಹಾಕುವಾಗ ಎಚ್ಚರ ಬೇಕು. ಅನುವಾದಕರಿಗೆ ಬೇರೆ ಹಕ್ಕು, ರೆಕಾರ್ಡ್ ಮಾಡಿದವರಿಗೆ ಬೇರೆ ಹಕ್ಕು. ಯಾರೋ ಓದಿ ಮಾರುತ್ತಿರುವ ಆಡಿಯೋವನ್ನು ನಮ್ಮ ಗುಂಪಿನಲ್ಲಿ ಹಂಚಬೇಡಿ ಎಂದು ಈ ಹಿಂದೆಯೂ ತಿಳಿಸಿದ್ದೇವೆ. ಬನ್ಯನ್ನನ ಮೂಲಕ್ಕೂ 1847ರ ಅನುವಾದಕ್ಕೂ ಈ ತೊಂದರೆ ಯಾವುದೂ ಇಲ್ಲ. ಇತ್ತೀಚಿನ ಅನುವಾದಗಳನ್ನು ಮಾತ್ರ ಕೇಳಿಕೊಂಡೇ ಬಳಸಬೇಕು. ಇಂಗ್ಲಿಷಿನಲ್ಲಿ ಕೇಳುವವರಿಗೆ ಲಿಬ್ರಿವಾಕ್ಸ್ ಎಂಬ ಸ್ವಯಂಸೇವಕರ ತಾಣದಲ್ಲಿ ಬನ್ಯನ್ನನ ಪುಸ್ತಕದ ಓದು ಉಚಿತವಾಗಿ ಸಿಗುತ್ತದೆ. ಇಳಿಸಿಕೊಳ್ಳುವ ಮೊದಲು ಎರಡನೆಯ ಭಾಗವೂ ಇದೆಯೇ ನೋಡಿಕೊಳ್ಳಿ.

ನಮ್ಮ ರೆಕಾರ್ಡಿಂಗ್

ಮೊದಲ ಭಾಗಕ್ಕೆ ಸದಸ್ಯರೊಬ್ಬರ ಮನೆಯ ಹಳೆಯ ಪ್ರತಿ ಇತ್ತು. ಎರಡನೆಯ ಭಾಗವನ್ನು ಸಂಘದ ನಿವೃತ್ತ ಮೇಷ್ಟ್ರೊಬ್ಬರು ಇಂಗ್ಲಿಷ್ ಮೂಲದಿಂದ ನಮ್ಮ ಕಡೆಯ ಮಾತಿಗೆ ಇಳಿಸುತ್ತಿದ್ದಾರೆ. ಉಪದೇಶದ ಉದ್ದದ ಜಾಗಗಳನ್ನು ಚಿಕ್ಕದು ಮಾಡಿದ್ದಾರೆ, ಹಾಗೆ ಮಾಡಿದ್ದೇವೆಂದು ಪ್ರತಿ ಫೈಲಿನ ಮೊದಲಿಗೆ ಹೇಳುತ್ತೇವೆ. ಸ್ಟುಡಿಯೋ ಇಲ್ಲ. ಒಂದು ಫೋನು, ಕಿಟಕಿಗೆ ಕಟ್ಟಿದ ಎರಡು ಕಂಬಳಿ. ಬೆಳಗಿನ ಜಾವ ನಾಲ್ಕೂವರೆಗೆ ಮೊದಲೇ ಕುಳಿತುಕೊಂಡರೆ ಸರಿ, ಆಮೇಲೆ ಹೂವಿನ ಗಾಡಿಗಳು ಹೊಸೂರು ಕಡೆ ಹೊರಡುತ್ತವೆ. ಫೈಲನ್ನು 64 ಕೆಬಿಪಿಎಸ್ ಮೋನೋ ಇಟ್ಟರೆ ಒಂದು ಗಂಟೆಗೆ ಸುಮಾರು 29 ಎಂಬಿ ಆಗುತ್ತದೆ. ಮಾತಿಗೆ ಇಷ್ಟು ಸಾಕು. ಹಳೆಯ ಫೋನಿನಲ್ಲೂ ಓಡುತ್ತದೆ.

ಇಷ್ಟೆಲ್ಲ ಕಷ್ಟ ಯಾಕೆ ಎಂದರೆ, ನಮ್ಮ ಮನೆಗಳಲ್ಲಿ ಕನ್ನಡ ಇರುವುದು ಈಗ ಕಿವಿಯಲ್ಲೇ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಮ್ಮ ಸೀಮೆ ಈ ಕಡೆ ಉಳಿಯಿತು. ಆದರೂ ನಮ್ಮ ವಯಸ್ಸಿನವರು ಇಲ್ಲೇ ಕನ್ನಡ ಶಾಲೆಯಲ್ಲಿ ಓದಿದೆವು, ಬೆಂಗಳೂರು ಆಕಾಶವಾಣಿ ಕೇಳಿ ಬೆಳೆದೆವು. 2006ರ ತಮಿಳು ಕಲಿಕೆ ಕಾಯಿದೆಯ ನಂತರ ಒಂದನೇ ತರಗತಿಯಿಂದ ತಮಿಳು ಕಡ್ಡಾಯವಾಯಿತು. ತಮಿಳು ಬರಬೇಕು, ಅದರಲ್ಲಿ ತಕರಾರಿಲ್ಲ. ಇದೇ ನೆಲದ ಅನ್ನ ತಿನ್ನುವವರು ನಾವು. ಆದರೆ ಬಹಳ ಮನೆಗಳಲ್ಲಿ ತಮಿಳು, ಇಂಗ್ಲಿಷ್ ಸೇರಿದ ಮೇಲೆ ಕನ್ನಡ ಅಕ್ಷರಕ್ಕೆ ಜಾಗ ಉಳಿಯಲಿಲ್ಲ. ಅಜ್ಜಿಯ ಜೊತೆ ಕನ್ನಡದಲ್ಲಿ ಸಲೀಸಾಗಿ ಮಾತಾಡುವ ಮಗು ಬಸ್ಸಿನ ಕನ್ನಡ ಬೋರ್ಡು ಓದಲಾರದು. ಅಜ್ಜಿಗೆ ಓದು ಬರುತ್ತದೆ, ಕಣ್ಣಿಗೆ ಪೊರೆ. ಇಬ್ಬರೂ ಕೂಡಿ ಒಂದು ಪುಸ್ತಕ ಮುಗಿಸುವುದಾದರೆ ಕೇಳಿಯೇ ಮುಗಿಸಬೇಕು.

ಹೊಳೆಯ ಅಧ್ಯಾಯದಲ್ಲಿ ಬಲುಭಯಳ ಮಾತನ್ನು ಓದುವುದು ಒಂಬತ್ತನೇ ತರಗತಿಯ ಹುಡುಗಿ. ಕನ್ನಡ ಅಕ್ಷರ ಬಾರದು. ತನ್ನ ಪಾಲನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡಿದ್ದಾಳೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ತ, ದ ಕೂಡ ಹಾಗೆಯೇ. ಗ, ದ ಬರುವ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಚುಕ್ಕೆ ಇಟ್ಟಿದ್ದಾಳೆ. ಮೊದಲ ಸಲ ಓದಿದಾಗ ಎರಡು ಕಡೆ ತಪ್ಪಿತು. ಎರಡನೆಯ ಸಲ ತಪ್ಪಲಿಲ್ಲ. ಮೊನ್ನೆ ಬಂದವಳು ಆ ಚುಕ್ಕೆಗಳ ಪಕ್ಕದಲ್ಲಿ ‘ಗ’ ಅಕ್ಷರವನ್ನೇ ಬರೆದುಕೊಂಡು ಬಂದಿದ್ದಳು, ಅಜ್ಜಿ ಹೇಳಿಕೊಟ್ಟರಂತೆ.

ಎರಡನೆಯ ಭಾಗದ ಫೈಲುಗಳು ತಯಾರಾದ ಹಾಗೆ ವಾರಕ್ಕೊಂದರಂತೆ ಗುಂಪಿಗೆ ಬರುತ್ತವೆ. ವಾಟ್ಸಾಪ್ ಇಲ್ಲದವರು ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡನ್ನು ಸಂಘದ ಕೊಠಡಿಗೆ ತಂದರೆ ಹಾಕಿಕೊಡುತ್ತೇವೆ. ಕಾರ್ಡಿನ ಮೇಲೆ ಹೆಸರು ಬರೆದು ತನ್ನಿ, ಕಳೆದ ಸಲ ಮೂರು ಕಾರ್ಡು ಯಾರದೆಂದು ತಿಳಿಯದೆ ಮೇಜಿನಲ್ಲೇ ಉಳಿದಿವೆ. ಹೊಳೆಯ ಅಧ್ಯಾಯವನ್ನು ಮಾತ್ರ ಮೊದಲು ಭಾನುವಾರದ ಸಭೆಯಲ್ಲಿ ಎಲ್ಲರೂ ಸೇರಿ ಕೇಳಿ, ಆಮೇಲೆ ಕಳಿಸುವುದೆಂದು ತೀರ್ಮಾನವಾಗಿದೆ. ಮೊದಲ ವಾರ ಪ್ರಶ್ನೆ ಕೇಳಿದ ಹಿರಿಯಮ್ಮನವರನ್ನು ಅಂದು ಕರೆತರುವ ಜವಾಬ್ದಾರಿಯನ್ನು ಅವರ ಮೊಮ್ಮಗ ಒಪ್ಪಿಕೊಂಡಿದ್ದಾನೆ.

ಕಾರ್ಯದರ್ಶಿ, ಕೆಲಮಂಗಲ